ಹಿಮದ ಇಳಿಜಾರಿನ ಹೆಲೇನಾ

ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಪಿ.ಜೆ. ಬಡಾವಣೆಯ ಮನೆಯೊಳಗೆ ಫ್ಯಾನಿನ ಕೆಳಗೆ ಕುಳಿತವರಿಗೆ ಹಿಮದ ಕಥೆ ಓದಿ ಎಂದರೆ ನಕ್ಕಾರು. ನಮ್ಮಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಸೇನೆಯಲ್ಲಿದ್ದು ಬಂದವರು, ಕಾಶ್ಮೀರಕ್ಕೋ ಮನಾಲಿಗೋ ಪ್ರವಾಸ ಹೋಗಿ ಬಂದವರು, ಅಷ್ಟೇ. ಆದರೂ ಪ್ರಿಯ ಓದುಗರೇ, ಮಲೆನಾಡಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡದ ಇಳಿಜಾರಿನಲ್ಲಿ ಸರ್ರನೆ ಜಾರಿದ್ದು, ಚಡ್ಡಿ ಹರಿದುಕೊಂಡು ಮನೆಗೆ ಬಂದು ಅಮ್ಮನಿಂದ ಬೈಸಿಕೊಂಡದ್ದು ಅವರಿಗೆ ನೆನಪಿರುತ್ತದೆ. ಹಾಳೆಯ ಬದಲು ಎರಡು ಕಾಲಿಗೂ ಒಂದೊಂದು ಉದ್ದನೆಯ ಹಲಗೆ, ಮಣ್ಣಿನ ಬದಲು ಹಿಮ, ಗುಡ್ಡದ ಬದಲು ಸಾವಿರಾರು ಅಡಿ ಎತ್ತರದ ಪರ್ವತ. ಇದೇ ಸ್ಕೀಯಿಂಗ್. ಇದರಲ್ಲಿ ಆಲ್ಪ್ಸ್ ಪರ್ವತಗಳ ಹೆಸರಿನಿಂದ ಆಲ್ಪೈನ್ ಸ್ಕೀಯಿಂಗ್ ಎಂದು ಕರೆಯುವ ಪಂದ್ಯದಲ್ಲಿ ಮುಖ್ಯವಾಗಿ ಎರಡು ಬಗೆ. ತುದಿಯಿಂದ ಬುಡದವರೆಗೆ ಅತಿ ವೇಗವಾಗಿ ಇಳಿಯುವುದು ಒಂದು. ನೆಟ್ಟ ಕೋಲುಗಳ ನಡುವೆ ಹಾವಿನಂತೆ ಅತ್ತಿತ್ತ ತಿರುಗುತ್ತಾ ಇಳಿಯುವ ಸ್ಲಾಲಮ್ ಇನ್ನೊಂದು. ಎರಡರ ಲೆಕ್ಕವನ್ನೂ ಕೂಡಿಸಿ ಕೊಡುವ ಬಹುಮಾನವೂ ಉಂಟು.

ಈ ಆಟದಲ್ಲಿ ಪೋಲೆಂಡ್ ದೇಶದ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಏಳು ಬಾರಿ ಗೆದ್ದ ಹೆಣ್ಣುಮಗಳು ಹೆಲೇನಾ ಮರುಸಾಷ್. ಬದುಕಿದ್ದು ಇಪ್ಪತ್ತಮೂರು ವರ್ಷ ಮಾತ್ರ. ಆಕೆಯ ಅಣ್ಣ ಸ್ತಾನಿಸ್ಲಾವ್ ಆಕೆಗಿಂತಲೂ ಹೆಚ್ಚು ಪ್ರಖ್ಯಾತರಾದ ಕ್ರೀಡಾಪಟು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕಥೆ ಹೇಳಲು ಬರುವುದಿಲ್ಲ.

ಪೋಲೆಂಡಿನ ದಕ್ಷಿಣದ ಗಡಿಯಲ್ಲಿ ತಾತ್ರಾ ಎಂಬ ಪರ್ವತಸಾಲು ಇದೆ. ಅದರ ಬುಡದ ಊರು ಜಾಕೊಪಾನೆ. ಅಲ್ಲಿಯ ಮೂಲ ನಿವಾಸಿಗಳು ಗುರಾಲ್ ಎಂಬ ಗುಡ್ಡಗಾಡಿನ ಜನ. ಕುರಿ ಸಾಕುವುದು, ಮರ ಕಡಿಯುವುದು, ಕುರಿಯ ಹಾಲಿನಿಂದ ಗಿಣ್ಣು ಮಾಡಿ ಹೊಗೆಯಲ್ಲಿ ಒಣಗಿಸುವುದು, ಮರದ ಮನೆಗಳನ್ನು ಕೆತ್ತನೆಯಿಂದ ಅಲಂಕರಿಸುವುದು ಅವರ ಬದುಕು. ಹಠದ ಜನ, ಹಾಡಿನ ಜನ, ದೈವಭಕ್ತಿಯ ಜನ. ಊರಿನಿಂದ ತಲೆಯೆತ್ತಿ ನೋಡಿದರೆ 1895 ಮೀಟರ್ ಎತ್ತರದ ಗೆವೊಂತ್ ಶಿಖರ, ಅದರ ನೆತ್ತಿಯ ಮೇಲೆ ಒಂದು ಕಬ್ಬಿಣದ ಶಿಲುಬೆ. 1901ರಲ್ಲಿ ಅಲ್ಲಿಯ ಧರ್ಮಕೇಂದ್ರದ ಗುರುಗಳ ಮುಂದಾಳತ್ವದಲ್ಲಿ ಊರ ಜನರೇ ಅದರ ಭಾಗಗಳನ್ನು ಮೇಲಕ್ಕೆ ಸಾಗಿಸಿ ನಿಲ್ಲಿಸಿದ್ದು. ನೆಲದ ಮೇಲೆ ಹದಿನೈದು ಮೀಟರ್ ಎತ್ತರವಿದೆ. ನಮ್ಮಲ್ಲಿ ದೇವಾಲಯಕ್ಕೆ ಒಂದು ಗಂಟೆಗೋಪುರ ಕಟ್ಟಲು ಎಷ್ಟು ಸಭೆ, ಎಷ್ಟು ಚಂದಾ ಪುಸ್ತಕ ಬೇಕೆಂದು ಬಲ್ಲ ನನಗೆ ಆ ಗುರುಗಳ ಮೇಲೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಈ ಊರಿನಲ್ಲಿ 1918ರ ಜನವರಿ 17ರಂದು ಹೆಲೇನಾ ಹುಟ್ಟಿದಳು. ಸ್ತಾನಿಸ್ಲಾವ್ 1913ರಲ್ಲಿ ಹುಟ್ಟಿದವರು. ಮನೆಯಲ್ಲಿ ಯಾನ್ ಎಂಬ ಇನ್ನೊಬ್ಬ ಅಣ್ಣನೂ ಇದ್ದರು. ಮಕ್ಕಳೆಲ್ಲ ನಡೆಯಲು ಕಲಿತಂತೆಯೇ ಹಿಮದ ಮೇಲೆ ಜಾರಲೂ ಕಲಿತರು. ಅಲ್ಲಿ ಅದು ಆಟವೂ ಹೌದು, ಚಳಿಗಾಲದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯೂ ಹೌದು.

ಆ ಕಾಲದಲ್ಲಿ ಹೆಣ್ಣುಮಕ್ಕಳು ಪರ್ವತದಿಂದ ಸ್ಕೀ ಮೇಲೆ ಧುಮುಕುವುದನ್ನು ಯುರೋಪಿನವರೂ ಹುಬ್ಬೇರಿಸಿ ನೋಡುತ್ತಿದ್ದರು. 1929ರಲ್ಲಿ ಜಾಕೊಪಾನೆಯಲ್ಲಿ ಅಂತರರಾಷ್ಟ್ರೀಯ ಸ್ಕೀ ಪಂದ್ಯಗಳು ನಡೆದಾಗ ಇಳಿಜಾರಿನ ಓಟಕ್ಕೆ ಇಂಗ್ಲೆಂಡಿನ ಇಬ್ಬರು ಮಹಿಳೆಯರು ಗಂಡಸರ ಜೊತೆಯಲ್ಲೇ ಹೆಸರು ಕೊಟ್ಟರು. ಗಂಡಸರಲ್ಲಿ ಅನೇಕರನ್ನು ಹಿಂದೆ ಹಾಕಿ ಗುರಿ ಮುಟ್ಟಿದರು. ಆ ಓಟ ಗೆದ್ದವನು ಅದೇ ಊರಿನ ಬ್ರೊನಿಸ್ಲಾವ್ ಚೆಖ್. ಈ ಹೆಸರನ್ನು ನೆನಪಿಡಿ, ಮುಂದೆ ಬರುತ್ತದೆ. ಹೆಲೇನಾಳಿಗೆ ಆಗ ಹನ್ನೊಂದು ವರ್ಷ.

ಕೆಲವೇ ವರ್ಷಗಳಲ್ಲಿ ಆಕೆಯ ಸರದಿ ಬಂತು. 1936ರಲ್ಲಿ ಜಾಕೊಪಾನೆಯಿಂದ 1987 ಮೀಟರ್ ಎತ್ತರದ ಕಸ್ಪ್ರೋವಿ ಶಿಖರಕ್ಕೆ ರೋಪ್‌ವೇ ಆಯಿತು. ಅದಕ್ಕೆ ಮುಂಚೆ ಒಮ್ಮೆ ಇಳಿಯಬೇಕಾದರೆ ಹಲಗೆಗಳನ್ನು ಹೆಗಲಿಗೇರಿಸಿ ಗಂಟೆಗಟ್ಟಲೆ ಹತ್ತಬೇಕಿತ್ತು. ಇಂದಿನ ಹಾಗೆ ಹಗುರವಾದ ಹಲಗೆಗಳಿಲ್ಲ, ಕಾಲು ತಿರುಚಿದರೆ ತಾನಾಗಿ ಬಿಚ್ಚಿಕೊಳ್ಳುವ ಕೊಂಡಿಗಳಿಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ಮರದ ಹಲಗೆ, ಚರ್ಮದ ಬೂಟು. ಬಿದ್ದರೆ ಕಾಲು ಮುರಿಯುವುದು ಸಾಮಾನ್ಯ. ಅಂಥ ದಿನಗಳಲ್ಲಿ, ಹದಿನೆಂಟರಿಂದ ಇಪ್ಪತ್ತೊಂದರ ಪ್ರಾಯದೊಳಗೆ, ಇಳಿಜಾರಿನ ಓಟ, ಸ್ಲಾಲಮ್, ಎರಡೂ ಕೂಡಿದ ಪಂದ್ಯಗಳಲ್ಲಿ ಹೆಲೇನಾ ದೇಶದ ಅಗ್ರಸ್ಥಾನಕ್ಕೇರಿದಳು. ಹೆಣ್ಣುಮಗಳು ಆಟೋಟಕ್ಕೆ ಹೋಗುತ್ತೇನೆಂದರೆ ಮದುವೆಗೆ ತೊಂದರೆಯಾದೀತು ಎಂದು ಲೆಕ್ಕ ಹಾಕುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. ಗರಡಿಮನೆಗಳ ಊರಾದ ದಾವಣಗೆರೆಯಲ್ಲೂ ಗಂಡುಮಕ್ಕಳಿಗೆ ಒಂದು ಅಳತೆ, ಹೆಣ್ಣುಮಕ್ಕಳಿಗೆ ಇನ್ನೊಂದು. ಮರುಸಾಷ್ ಮನೆಯಲ್ಲಿ ಹಾಗಿರಲಿಲ್ಲವೆಂಬುದು ಮಕ್ಕಳ ಬದುಕಿನಿಂದಲೇ ತಿಳಿಯುತ್ತದೆ.

ಅಣ್ಣ ಸ್ತಾನಿಸ್ಲಾವ್ ಇಳಿಜಾರಿನ ಓಟದಲ್ಲೂ ನುರಿತವರು, ಆದರೆ ಅವರ ಹೆಸರು ಮೆರೆದದ್ದು ಸ್ಕೀ ಜಿಗಿತದಲ್ಲಿ. ಎತ್ತರದ ಕಟ್ಟೆಯಿಂದ ಜಾರಿ ಬಂದು, ತುದಿಯಲ್ಲಿ ಚಿಮ್ಮಿ, ಹಕ್ಕಿಯ ಹಾಗೆ ಗಾಳಿಯಲ್ಲಿ ತೇಲಿ ದೂರದಲ್ಲಿ ಇಳಿಯುವ ಆಟವದು. 1932ರಿಂದ 1952ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. 1938ರಲ್ಲಿ ಫಿನ್ಲೆಂಡಿನ ಲಾಹ್ತಿಯಲ್ಲಿ ನಡೆದ ವಿಶ್ವ ಪಂದ್ಯದಲ್ಲಿ 66 ಮತ್ತು 67 ಮೀಟರ್ ಜಿಗಿದು ಎಲ್ಲರಿಗಿಂತ ದೂರ ಹೋದರು. ಆದರೆ ಈ ಆಟದಲ್ಲಿ ದೂರದ ಜೊತೆಗೆ ಶೈಲಿಗೂ ಅಂಕವುಂಟು. ಅವರಿಗಿಂತ ಎರಡು ಮೂರು ಮೀಟರ್ ಕಡಿಮೆ ಜಿಗಿದ ನಾರ್ವೆಯ ಆಟಗಾರನಿಗೆ ಚಿನ್ನ ಹೋಯಿತು, ಇವರಿಗೆ ಬೆಳ್ಳಿ ಸಿಕ್ಕಿತು. ಪೋಲೆಂಡಿನ ಜನ ಇಂದಿಗೂ ಆ ತೀರ್ಪನ್ನು ಒಪ್ಪಿದಂತಿಲ್ಲ.

1939ರ ಫೆಬ್ರವರಿಯಲ್ಲಿ ವಿಶ್ವ ಸ್ಕೀ ಪಂದ್ಯಗಳು ಮತ್ತೆ ಜಾಕೊಪಾನೆಗೆ ಬಂದವು. ಊರು ತುಂಬಾ ಬಾವುಟಗಳು. ಜರ್ಮನಿಯ ಕ್ರಿಸ್ತಲ್ ಕ್ರಾಂಜ್ ಹೆಂಗಸರ ಮೂರೂ ಆಲ್ಪೈನ್ ಪಂದ್ಯಗಳನ್ನು ಗೆದ್ದಳು. 1940ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಬೇಕಿತ್ತು, ಹೆಲೇನಾಳಿಗೆ ಆಗ ಇಪ್ಪತ್ತೆರಡು ತುಂಬಿರುತ್ತಿತ್ತು. ಆ ಒಲಿಂಪಿಕ್ಸ್ ನಡೆಯಲೇ ಇಲ್ಲ. ಪಂದ್ಯ ಮುಗಿದು ಏಳು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 1ರಂದು, ಜರ್ಮನಿಯ ಸೇನೆ ಪೋಲೆಂಡಿನ ಮೇಲೆ ಬಿತ್ತು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಒಂದು ದೇಶವನ್ನು ಇಬ್ಬರು ರೊಟ್ಟಿಯಂತೆ ಹರಿದು ಹಂಚಿಕೊಂಡರು. ಜಾಕೊಪಾನೆಯ ದೊಡ್ಡ ಹೋಟೆಲುಗಳಲ್ಲಿ ಒಂದಾದ ಪ್ಯಾಲೇಸ್, ಗೆಸ್ಟಾಪೊ ಎಂಬ ಗುಪ್ತ ಪೊಲೀಸರ ಠಾಣೆಯಾಯಿತು. ಅದರ ನೆಲಮಾಳಿಗೆಯಲ್ಲಿ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದರು.

ಈಗ ಆ ಊರಿನ ಭೂಗೋಳ ನೋಡಿ. ಪರ್ವತದ ಈಚೆ ಪೋಲೆಂಡ್, ಆಚೆ ಸ್ಲೊವಾಕಿಯಾ, ಅದನ್ನೂ ದಾಟಿದರೆ ಹಂಗೇರಿ. ಸ್ಲೊವಾಕಿಯಾ ಜರ್ಮನಿಯ ಕೈಗೊಂಬೆಯಾಗಿತ್ತು. ಹಂಗೇರಿಯ ಜನ ಮಾತ್ರ ಪೋಲೆಂಡಿನವರಿಗೆ ಹಳೆಯ ಸ್ನೇಹಿತರು. ಬುಡಾಪೆಸ್ಟ್ ತಲುಪಿದರೆ ಅಲ್ಲಿಂದ ಫ್ರಾನ್ಸಿಗೆ ಹೋಗಿ ಪೋಲೆಂಡಿನ ಸೇನೆ ಸೇರಬಹುದಿತ್ತು. ಹಾಗಾಗಿ ತಪ್ಪಿಸಿಕೊಂಡು ಹೋಗುವ ಸೈನಿಕರಿಗೆ ದಾರಿ ತೋರಿಸಲು, ಗುಪ್ತ ಪತ್ರ ಮತ್ತು ಹಣವನ್ನು ಆಚೀಚೆ ಸಾಗಿಸಲು ಪರ್ವತ ಬಲ್ಲ ಜನ ಬೇಕಾದರು. ರಸ್ತೆಗಳಲ್ಲಿ ಕಾವಲಿದೆ. ಉಳಿದದ್ದು ಹಿಮ ತುಂಬಿದ ಕಣಿವೆಗಳು, ಅದೂ ರಾತ್ರಿಯಲ್ಲಿ. 1939-40ರ ಚಳಿಗಾಲ ಯುರೋಪಿನಲ್ಲಿ ಅತಿ ಕಠಿಣವಾಗಿತ್ತು. ಇಂಥ ಕೆಲಸಕ್ಕೆ ಸ್ಕೀ ಆಟಗಾರರಿಗಿಂತ ಯೋಗ್ಯರು ಯಾರು? ಮರುಸಾಷ್ ಮನೆಯ ಮೂವರು, ಯಾನ್, ಸ್ತಾನಿಸ್ಲಾವ್, ಹೆಲೇನಾ, ಈ ಕೆಲಸಕ್ಕೆ ಇಳಿದರು. ಬ್ರಿಟಿಷರ ಗುಪ್ತಚರ ಕೆಲಸದಲ್ಲಿ ಮುಂದೆ ಬಹಳ ಹೆಸರಾದ ಕ್ರಿಸ್ತೀನಾ ಸ್ಕಾರ್ಬೆಕ್ ಎಂಬಾಕೆಯನ್ನು 1940ರ ಫೆಬ್ರವರಿಯಲ್ಲಿ ತಾತ್ರಾ ದಾಟಿಸಿ ಪೋಲೆಂಡಿಗೆ ಕರೆತಂದವರು ಯಾನ್.

ಬಹುಮಾನಕ್ಕಾಗಿ ಕಲಿತ ವಿದ್ಯೆ ಹೀಗೆ ಬೇರೆಯೇ ಕೆಲಸಕ್ಕೆ ಬಂತು. ಕೋಲುಗಳ ನಡುವೆ ತಿರುಗುತ್ತಿದ್ದವಳು ಈಗ ಕತ್ತಲಲ್ಲಿ ಮರಗಳ ನಡುವೆ ತಿರುಗಬೇಕಿತ್ತು. ಚಪ್ಪಾಳೆಯಿಲ್ಲ, ಗಡಿಯಾರವಿಲ್ಲ. ಬಿದ್ದು ಕಾಲು ಮುರಿದರೆ ಎತ್ತಿಕೊಂಡು ಹೋಗುವವರೂ ಇಲ್ಲ.

1940ರ ಮಾರ್ಚ್‌ನಲ್ಲಿ ಹೆಲೇನಾ ಸ್ಲೊವಾಕಿಯಾದ ನೆಲದಲ್ಲಿ ಅಲ್ಲಿಯ ಪೊಲೀಸರ ಕೈಗೆ ಸಿಕ್ಕಳು. ಅವರು ಆಕೆಯನ್ನು ಗೆಸ್ಟಾಪೊಗೆ ಒಪ್ಪಿಸಿದರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಸ್ಲೊವಾಕಿಯಾ ರಾಜ್ಯದ ಅಧ್ಯಕ್ಷರಾಗಿದ್ದವರು ಯೋಜೆಫ್ ತಿಸೊ ಎಂಬ ಒಬ್ಬ ಕಥೋಲಿಕ ಗುರು. ಹಿಟ್ಲರನ ಆಸರೆಯಲ್ಲಿ ಅಧಿಕಾರ ನಡೆಸಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅವರಿಗೆ ಮರಣದಂಡನೆಯಾಯಿತು. ಜಪಸರ ಹಿಡಿದು ಬೆಳೆದ ಗುಡ್ಡದ ಹುಡುಗಿಯನ್ನು ವೈರಿಗೆ ಒಪ್ಪಿಸಿದ ಪೊಲೀಸರ ಸರ್ಕಾರದ ತಲೆಯಲ್ಲಿ ಗುರುವಸ್ತ್ರ ತೊಟ್ಟವರೊಬ್ಬರಿದ್ದರು. ನಾನೂ ಅದೇ ವಸ್ತ್ರ ತೊಟ್ಟವನು. ಇದನ್ನು ಬರೆಯುವಾಗ ಕೈ ತಡೆಯಿತು, ಆದರೆ ಬಿಟ್ಟು ಬರೆದರೆ ಅದು ಹೆಲೇನಾಳಿಗೆ ಮಾಡಿದ ಅನ್ಯಾಯವಾಗುತ್ತಿತ್ತು.

ಮುಶಿನಾ, ನೋವಿ ಸಾಂಚ್, ತಾರ್ನೊವ್. ಒಂದು ಸೆರೆಮನೆಯಿಂದ ಇನ್ನೊಂದಕ್ಕೆ, ಒಟ್ಟು ಒಂದೂವರೆ ವರ್ಷ. ಗೆಸ್ಟಾಪೊಗೆ ಬೇಕಾಗಿದ್ದದ್ದು ಹೆಸರುಗಳು. ಯಾರು ದಾರಿ ತೋರಿಸುತ್ತಾರೆ, ಯಾವ ಮನೆಯಲ್ಲಿ ಅನ್ನ ನೀರು ಸಿಗುತ್ತದೆ, ಹಂಗೇರಿಯಲ್ಲಿ ಪತ್ರ ಪಡೆಯುವವರು ಯಾರು. ಆಕೆಯನ್ನು ಹಿಂಸಿಸಿದರು. ಆಕೆ ಒಬ್ಬರ ಹೆಸರನ್ನೂ ಹೇಳಲಿಲ್ಲ.

ಧರ್ಮೋಪದೇಶದ ತರಗತಿಯಲ್ಲಿ ಎಂಟನೆಯ ಕಟ್ಟಳೆಯನ್ನು ಕಲಿಸುವಾಗ ಚುರುಕಾದ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಎತ್ತುತ್ತಾರೆ. ಕೊಲ್ಲಲು ಬಂದವನು, ನಿನ್ನ ಸ್ನೇಹಿತ ಎಲ್ಲಿ ಅಡಗಿದ್ದಾನೆ ಎಂದು ಕೇಳಿದರೆ ಸತ್ಯ ಹೇಳಬೇಕೇ ಎಂಬ ಪ್ರಶ್ನೆ. ಗುರುಮಠದಲ್ಲಿ ನಾವು ಇದೇ ವಿಷಯಕ್ಕೆ ತತ್ವಶಾಸ್ತ್ರಜ್ಞರನ್ನೆಲ್ಲ ಎಳೆದು ತಂದು ಗಂಟೆಗಟ್ಟಲೆ ವಾದಿಸಿದ್ದುಂಟು. ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ಬಿಚ್ಚಿಡಬೇಕಾದ ಬಾಧ್ಯತೆ ಯಾರಿಗೂ ಇಲ್ಲ ಎಂಬುದು ಧರ್ಮಸಭೆಯ ಬೋಧನೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಳ್ಳುವುದು ಸುಲಭ. ತಾರ್ನೊವ್ ಸೆರೆಮನೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿ ಅದನ್ನು ದಿನದಿನವೂ ಮೈಮೇಲೆ ಬರೆಸಿಕೊಳ್ಳಬೇಕಾಯಿತು.

ಅದೇ 1940ರ ವಸಂತದಲ್ಲಿ ಅಣ್ಣ ಸ್ತಾನಿಸ್ಲಾವ್ ಕೂಡ ಹೆಂಡತಿಯೊಂದಿಗೆ ಗಡಿ ದಾಟುವಾಗ ಸಿಕ್ಕಿಬಿದ್ದರು. ಅವರನ್ನು ಕ್ರಾಕೊವ್ ನಗರದ ಮೊಂತೆಲುಪಿ ಸೆರೆಮನೆಗೆ ಒಯ್ದರು. ಅಲ್ಲಿಂದ ಜೀವಂತ ಹೊರಬಂದವರು ವಿರಳ, ಅವರಿಗೂ ಮರಣದಂಡನೆಯಾಗಿತ್ತು. ಜುಲೈ 2ರಂದು ಕಿಟಕಿಯ ಕಂಬಿಗಳನ್ನು ಬಗ್ಗಿಸಿ, ಮೇಲಂತಸ್ತಿನಿಂದ ಧುಮುಕಿ, ಗೋಡೆ ಹಾರಿ ಓಡಿದರು. ಗಾಳಿಯಲ್ಲಿ ಮೈಯನ್ನು ಹಿಡಿತದಲ್ಲಿಟ್ಟು ಇಳಿಯುವುದನ್ನು ಅವರಷ್ಟು ಅಭ್ಯಾಸ ಮಾಡಿದವರು ಆ ಸೆರೆಮನೆಯಲ್ಲಿ ಬೇರೆ ಯಾರಿದ್ದರು! ಹೇಗೋ ಪರ್ವತ ಸೇರಿ, ದಾಟಿ, ಹಂಗೇರಿ ಮುಟ್ಟಿದರು. ಯುದ್ಧ ಮುಗಿಯುವವರೆಗೆ ಅಲ್ಲಿದ್ದು ಅಲ್ಲಿಯ ಯುವಕರಿಗೆ ಜಿಗಿತ ಕಲಿಸಿದರು.

ತಂಗಿಗೆ ಅಂಥ ಕಿಟಕಿ ಸಿಗಲಿಲ್ಲ. 1941ರ ಸೆಪ್ಟೆಂಬರ್ 12ರಂದು ಆಕೆಯನ್ನು ತಾರ್ನೊವ್ ಬಳಿಯ ಪೊಗೂರ್ಸ್ಕಾ ವೋಲ್ಯಾ ಎಂಬಲ್ಲಿ ಗುಂಡಿಕ್ಕಿ ಕೊಂದರು. ನಮ್ಮವರು ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬರಿಗಾಲಲ್ಲಿ ನಡೆದು ಹೋಗುತ್ತಾರಲ್ಲವೇ, ಅದರ ನಾಲ್ಕನೆಯ ದಿನ. ಪೂಜಾಪಂಚಾಂಗದಲ್ಲಿ ಅದು ಮರಿಯಮ್ಮನವರ ಪವಿತ್ರ ನಾಮದ ಹಬ್ಬ. 1683ರ ಅದೇ ದಿನ ಪೋಲೆಂಡಿನ ಅರಸ ಯಾನ್ ಸೊಬಿಯೆಸ್ಕಿ ವಿಯೆನ್ನಾ ನಗರವನ್ನು ಮುತ್ತಿಗೆಯಿಂದ ಬಿಡಿಸಿದ್ದರ ನೆನಪಿಗಾಗಿ ಆ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಲಾಯಿತು. ಪೋಲೆಂಡಿನ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿದ್ದ ತಾರೀಖು. ಕೊಂದವರಿಗೆ ಗೊತ್ತಿತ್ತೋ ಇಲ್ಲವೋ, ಅವರಿಗೆ ಅದು ಇನ್ನೊಂದು ಶುಕ್ರವಾರ.

ಬ್ರೊನಿಸ್ಲಾವ್ ಚೆಖ್‌ನ ಹೆಸರನ್ನು ನೆನಪಿಡಿ ಎಂದಿದ್ದೆ. ಮೂರು ಒಲಿಂಪಿಕ್ಸ್ ಕಂಡ ಆಟಗಾರ, ಹಿಮದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಾತ್ರಾ ರಕ್ಷಣಾ ಪಡೆಯ ಸದಸ್ಯ, ಚಿತ್ರ ಬರೆಯುತ್ತಿದ್ದ, ಮರ ಕೆತ್ತುತ್ತಿದ್ದ. 1940ರ ಮೇ ತಿಂಗಳಲ್ಲಿ ಅವನನ್ನು ಹಿಡಿದರು. ಜೂನ್ 14ರಂದು ತಾರ್ನೊವ್‌ನಿಂದ ಔಶ್ವಿತ್ಸ್ ಯಾತನಾ ಶಿಬಿರಕ್ಕೆ 728 ಪೋಲಿಷ್ ಕೈದಿಗಳ ಮೊದಲ ರೈಲು ಹೊರಟಿತು. ಅದರಲ್ಲಿ ಅವನ ಸಂಖ್ಯೆ 349. ಶಿಬಿರದಲ್ಲಿ ಮರದ ಚಮಚ ಕೆತ್ತುವ ಕೆಲಸ ಮಾಡಿದ, ತಾತ್ರಾ ಪರ್ವತಗಳ ಚಿತ್ರ ಬರೆದ, 1944ರ ಜೂನ್ 5ರಂದು ಅಲ್ಲಿಯೇ ಸತ್ತ. ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು ಇನ್ನೊಬ್ಬ ಕೈದಿಯ ಬದಲಿಗೆ ಪ್ರಾಣ ಕೊಟ್ಟದ್ದೂ ಆ ಶಿಬಿರದಲ್ಲೇ, 1941ರ ಆಗಸ್ಟ್ 14ರಂದು. ಹೆಲೇನಾಳ ಸಾವಿಗೆ ಇನ್ನು ಒಂದು ತಿಂಗಳಿಗೂ ಕಡಿಮೆ ಉಳಿದಿತ್ತು.

ದೂರದ ದೇಶದ ಕಥೆ ಎನ್ನಬೇಡಿ. ಪುಣೆ ಹೆದ್ದಾರಿಯಲ್ಲಿ ನಮ್ಮ ದಾವಣಗೆರೆಯಿಂದ ಬೆಳಗಾವಿ ದಾಟಿ ಹೋದರೆ ಕೊಲ್ಹಾಪುರ ಸಿಗುತ್ತದೆ. ಅದರ ಬಳಿಯ ವಲಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರು, ಹೆಚ್ಚಿನವರು ಹೆಂಗಸರು ಮಕ್ಕಳು, ಶಾಲೆ ದೇವಾಲಯ ಕಟ್ಟಿಕೊಂಡು ಬದುಕಿದ್ದರು. ಆ ಯುದ್ಧದ ಅಲೆ ನಮ್ಮ ನೆರೆಗೂ ಬಂದು ಮುಟ್ಟಿತ್ತು.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಾಕೊಪಾನೆಯವರು ಒಂದು ಸ್ಕೀ ಪಂದ್ಯ ಆರಂಭಿಸಿ ಅದಕ್ಕೆ ಬ್ರೊನಿಸ್ಲಾವ್ ಚೆಖ್ ಮತ್ತು ಹೆಲೇನಾ ಮರುಸಾಷ್ ಇಬ್ಬರ ಹೆಸರಿಟ್ಟರು. 1958ರ ನವೆಂಬರ್‌ನಲ್ಲಿ ಹೆಲೇನಾಳ ಅವಶೇಷಗಳನ್ನು ಊರಿಗೆ ತಂದು ಪೆಂಕ್ಸೋವಿ ಬ್ಜಿಜೆಕ್ ಎಂಬ ಹಳೆಯ ಸಮಾಧಿಭೂಮಿಯಲ್ಲಿ ಮಣ್ಣು ಮಾಡಿದರು. ಊರಿನ ಮೊದಲ ದೇವಾಲಯವಾದ ಪುಟ್ಟ ಮರದ ಚರ್ಚಿನ ಪಕ್ಕದಲ್ಲೇ ಅದಿದೆ. ಹೋದ ಮಗಳು ಮನೆಗೆ ಬರಲು ಹದಿನೇಳು ವರ್ಷ ಹಿಡಿಯಿತು.

ಸ್ತಾನಿಸ್ಲಾವ್ ಮತ್ತೆ ಆಟಕ್ಕೆ ಮರಳಿದರು. 1948 ಮತ್ತು 1952ರ ಒಲಿಂಪಿಕ್ಸ್‌ಗೆ ಹೋದರು. ನನಗೆ ಬಹಳ ಹಿಡಿಸಿದ ಪ್ರಸಂಗ 1966ರದು. ಜರ್ಮನಿಯ ಗಾರ್ಮಿಶ್ ಪಾರ್ಟೆನ್‌ಕಿರ್ಖೆನ್‌ನಲ್ಲಿ ಪ್ರಸಿದ್ಧ ಜಿಗಿತ ಪಂದ್ಯಕ್ಕೆ ಅತಿಥಿಯಾಗಿ ಹೋಗಿದ್ದರು. ವಯಸ್ಸು ಐವತ್ತಮೂರರ ಹತ್ತಿರ. ತೊಟ್ಟ ಸೂಟು, ಕೊರಳಿನ ಟೈ ಕೂಡ ತೆಗೆಯದೆ ಎರವಲು ಸ್ಕೀ ಕಟ್ಟಿಕೊಂಡು ಎತ್ತರದಿಂದ ಜಿಗಿದೇ ಬಿಟ್ಟರು. ನೆರೆದ ಜರ್ಮನ್ನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರದೇ ದೇಶದ ಸರ್ಕಾರ ತಂಗಿಯನ್ನು ಕೊಂದಿತ್ತು, ತನ್ನನ್ನೂ ಕೊಲ್ಲಲು ಹೊರಟಿತ್ತು. ಅಂಥವರ ಮುಂದೆ ಹೋಗಿ ಹುಡುಗನ ಹಾಗೆ ಆಡುವುದಕ್ಕೆ ಎಂಥ ಮನಸ್ಸು ಬೇಕು! ಕ್ಷಮೆಯ ಬಗ್ಗೆ ನಾನು ಕೊಟ್ಟ ಪ್ರಸಂಗಗಳೆಲ್ಲ ಆ ಜಿಗಿತದ ಮುಂದೆ ಸಪ್ಪೆಯೆನಿಸುತ್ತವೆ.

1989ರಲ್ಲಿ ಜಾಕೊಪಾನೆಯ ದೊಡ್ಡ ಜಿಗಿತದ ಕಟ್ಟೆಗೆ ಸ್ತಾನಿಸ್ಲಾವ್ ಅವರ ಹೆಸರಿಟ್ಟರು. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದು ನಮ್ಮ ಹಿರಿಯರಲ್ಲಿ ಅನೇಕರಿಗೆ ದರ್ಶನವಿತ್ತ ಜಗದ್ಗುರು ಎರಡನೆಯ ಜಾನ್ ಪಾಲರು ಸ್ವತಃ ತಾತ್ರಾ ಪರ್ವತಗಳಲ್ಲಿ ಸ್ಕೀ ಮಾಡುತ್ತಿದ್ದವರು, ಕಾರ್ಡಿನಲ್ ಆದ ಮೇಲೂ ಬಿಡಲಿಲ್ಲ. 1997ರ ಜೂನ್ 6ರಂದು, ಯೇಸುವಿನ ಪವಿತ್ರ ಹೃದಯದ ಹಬ್ಬದಂದು, ಅವರು ಆ ಕಟ್ಟೆಯ ಬುಡದಲ್ಲಿಯೇ ಬಲಿಪೂಜೆ ಅರ್ಪಿಸಿದರು. ಗೆವೊಂತ್ ಶಿಖರದ ಶಿಲುಬೆಯನ್ನು ಅಂದು ಜನರಿಗೆ ನೆನಪಿಸಿದರು. ಮರುಸಾಷ್ ಅಣ್ಣತಂಗಿ ಇಬ್ಬರೂ ಆ ಜನಸಾಗರದಲ್ಲಿರಲಿಲ್ಲ.

ಸ್ತಾನಿಸ್ಲಾವ್ ಅದಕ್ಕೆ ನಾಲ್ಕು ವರ್ಷ ಮೊದಲು ಹೋಗಿದ್ದರು. ಯುದ್ಧಕಾಲದಲ್ಲಿ ಹಂಗೇರಿಯ ದಾರಿಯ ಗುಪ್ತ ದೂತರ ಕೆಲಸಕ್ಕೆ ಮುಂದಾಳಾಗಿದ್ದ ಇತಿಹಾಸಕಾರ ವಾತ್ಸ್ಲಾವ್ ಫೆಲ್ಚಾಕ್ 1993ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರನ್ನೂ ಪೆಂಕ್ಸೋವಿ ಬ್ಜಿಜೆಕ್‌ನಲ್ಲಿ ಮಣ್ಣು ಮಾಡಿದರು. ಆ ತಿಂಗಳ 29ರಂದು ಸ್ನೇಹಿತನ ಗುಂಡಿಯ ಪಕ್ಕ ನಿಂತು, ಎಂಬತ್ತು ವರ್ಷದ ಸ್ತಾನಿಸ್ಲಾವ್ ಬೀಳ್ಕೊಡುಗೆಯ ಮಾತುಗಳನ್ನಾಡಿದರು. ಅಲ್ಲಿಯೇ ಅವರ ಹೃದಯ ನಿಂತಿತು. ಅವರನ್ನೂ ಅದೇ ಸಮಾಧಿಭೂಮಿಯಲ್ಲಿ, ತಂಗಿ ಹೆಲೇನಾ ಮಲಗಿರುವ ನೆಲದಲ್ಲಿ ಹೂಳಿದರು.